ಎಲೆ ಬಿಳಿಚಿದರೆ ಗೊಬ್ಬರಕ್ಕೆ ಮೊದಲು ಬೆಳಕನ್ನು ನೋಡಿರಿ
ನೆರಳು ಪರದೆ ಹಾಗೂ ಪಾಲಿಹೌಸ್‌ನ ದೊಣ್ಣೆ ಮೆಣಸಿನಕಾಯಿಯಲ್ಲಿ ಎಲೆ ಬಣ್ಣಗೆಡಲು ಕಾರಣ ಪತ್ತೆ ಮಾಡುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮುಂತಾದ ಜಿಲ್ಲೆಗಳಲ್ಲಿ ದೊಣ್ಣೆ ಮೆಣಸಿನಕಾಯಿಯನ್ನು ನೆರಳು ಪರದೆಯ ಕೆಳಗೂ ಪಾಲಿಹೌಸ್‌ನ ಒಳಗೂ ಬೆಳೆಯುವ ರೈತರು ಈಗ ಅನೇಕರಿದ್ದಾರೆ. ಈ ಬೆಳೆಯಲ್ಲಿ ರೈತರು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದುದು ಒಂದೇ: “ಎಲೆ ಹಳದಿಯಾಗುತ್ತಿದೆ, ಏನು ಹಾಕಬೇಕು?” ಈ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಬೇಗ ಸಿಗುತ್ತದೆ. ಒಂದು ಪೊಟ್ಟಣ ಲಘು ಪೋಷಕಾಂಶ, ಒಂದು ಬಾಟಲಿ ಬೆಳವಣಿಗೆಯ ಔಷಧಿ, ಜೊತೆಗೆ ಒಂದು ಕೀಟನಾಶಕ. ಮೂರನ್ನೂ ಸಿಂಪಡಿಸಿದ ಮೇಲೂ ಎಲೆ ಹಸಿರಾಗದಿದ್ದರೆ ಹನಿ ನೀರಿನಲ್ಲಿ ಇನ್ನಷ್ಟು ಗೊಬ್ಬರ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂಥ ಉಪಚಾರಕ್ಕೆ ಸರಿಯಾಗಿ ಹೊಂದುತ್ತದೆ.

ಎಲೆ ಹಳದಿಯಾಗುವುದು ರೋಗದ ಹೆಸರಲ್ಲ. ಅದು ಚಿಹ್ನೆ ಮಾತ್ರ. ಮನುಷ್ಯನಿಗೆ ಜ್ವರ ಬಂದಂತೆ. ಪೋಷಕಾಂಶದ ಕೊರತೆ, ಬೆಳಕಿನ ಪೆಟ್ಟು, ಬೆಳಕಿನ ಅಭಾವ, ಬೇರಿನ ತೊಂದರೆ, ನುಸಿ, ಬೂದಿ ರೋಗ ಇವೆಲ್ಲವೂ ಎಲೆಯನ್ನು ಹಳದಿ ಮಾಡಬಲ್ಲವು. ಆದುದರಿಂದ ಹಳದಿ ಬಣ್ಣವನ್ನಷ್ಟೇ ನೋಡಿ ಕಾರಣ ಹೇಳಲು ಬರುವುದಿಲ್ಲ. ಆ ಬಣ್ಣ ಮನೆಯ ಯಾವ ಭಾಗದಲ್ಲಿ, ಗಿಡದ ಯಾವ ಎಲೆಯಲ್ಲಿ, ಎಲೆಯ ಯಾವ ಜಾಗದಲ್ಲಿ, ಎಷ್ಟು ದಿನಗಳಲ್ಲಿ ಬಂದಿತು ಎಂಬುದನ್ನು ನೋಡಿದರೆ ಬಹುಪಾಲು ಕಾರಣಗಳನ್ನು ರೈತರೇ ಕಂಡುಹಿಡಿಯಬಹುದು. ಈ ಪಾಠದ ಸಾರ ಇಷ್ಟೇ: ಬಣ್ಣಕ್ಕಿಂತ ಮೊದಲು ಜಾಗ, ಗೊಬ್ಬರಕ್ಕಿಂತ ಮೊದಲು ಬೆಳಕು ಮತ್ತು ಬೇರು.

ಎಲೆ ಹಸಿರಾಗಿರುವುದು ಏಕೆ?

ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಈ ವಸ್ತುವಿನ ನಡುವೆ ಮೆಗ್ನೀಷಿಯಂ ಇದೆ, ಅದರ ಸುತ್ತ ಸಾರಜನಕವಿದೆ. ಸಸ್ಯಗಳ ಬಣ್ಣದ ವಸ್ತುಗಳನ್ನು, ಅದರಲ್ಲೂ ಪತ್ರಹರಿತ್ತನ್ನು ಕುರಿತು ಮಾಡಿದ ಸಂಶೋಧನೆಗಾಗಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಅವರಿಗೆ 1915ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಕಬ್ಬಿಣವು ಪತ್ರಹರಿತ್ತಿನ ಭಾಗವಲ್ಲ. ಆದರೆ ಅದನ್ನು ತಯಾರಿಸುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು. ಆದ್ದರಿಂದ ಸಾರಜನಕ, ಮೆಗ್ನೀಷಿಯಂ, ಕಬ್ಬಿಣ ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಎಲೆ ಬಿಳಿಚುತ್ತದೆ.

ಎಲೆಯಲ್ಲಿ ಪತ್ರಹರಿತ್ತು ಸದಾ ಹುಟ್ಟುತ್ತಲೂ ನಾಶವಾಗುತ್ತಲೂ ಇರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹುಟ್ಟುವುದು ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ, ಅದು ಹಸಿವು. ನಾಶವಾಗುವುದು ಹೆಚ್ಚಾದರೂ ಹಳದಿಯಾಗುತ್ತದೆ, ಅದು ಪೆಟ್ಟು. ಎಲೆ ತಾನು ಬಳಸಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಬೆಳಕನ್ನು ಹೀರಿದಾಗ ಉಳಿದ ಶಕ್ತಿ ಎಲೆಯ ಒಳಗಿನ ಯಂತ್ರವನ್ನೇ ಕೆಡಿಸುತ್ತದೆ. ಬೇರಿಗೆ ನೀರು ಸಾಲದಿದ್ದಾಗ, ಬಿಸಿ ಅತಿಯಾದಾಗ, ಅಥವಾ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಬಹಳ ತಣ್ಣಗಿದ್ದು ಬೆಳಿಗ್ಗೆ ಪ್ರಖರ ಬಿಸಿಲು ಬಿದ್ದಾಗ ಎಲೆ ಬಳಸಿಕೊಳ್ಳಬಲ್ಲ ಬೆಳಕು ಕಡಿಮೆಯಾಗುತ್ತದೆ. ಹಾಗಾಗಿ ನಿನ್ನೆ ತಡೆದುಕೊಂಡ ಬಿಸಿಲನ್ನೇ ಗಿಡ ಇಂದು ತಡೆಯದೆ ಹೋಗಬಹುದು.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಮನೆಯ ಯಾವ ಭಾಗದಲ್ಲಿ? ಮನೆಯೊಳಗೆ ಒಂದು ಸುತ್ತು ನಡೆದು, ಕೆಟ್ಟ ಗಿಡಗಳು ಎಲ್ಲಿವೆ ಎಂದು ಒಂದು ಹಾಳೆಯ ಮೇಲೆ ಗುರುತು ಮಾಡಿರಿ. ಪಶ್ಚಿಮದ ಅಥವಾ ದಕ್ಷಿಣದ ಅಂಚಿನ ಸಾಲುಗಳು, ಪರದೆ ಹರಿದ ಕಡೆ, ಪರದೆ ಮುಗಿದ ಕಡೆ ಮಾತ್ರ ಬಿಳಿಚಿದ್ದರೆ ಬೆಳಕನ್ನು ಸಂಶಯಿಸಿರಿ. ಹನಿ ಕೊಳವೆಯ ಕೊನೆಯ ಗಿಡಗಳಾದರೆ ನೀರು ಸಾಲದು. ತಗ್ಗಿನ ಮಡಿಗಳಾದರೆ ನೀರು ಹೆಚ್ಚು. ಅಲ್ಲೊಂದು ಇಲ್ಲೊಂದು ಗುಂಪಾಗಿದ್ದರೆ ಕೀಟ, ರೋಗ ಅಥವಾ ಬೇರಿನ ಜಂತುಹುಳು. ಮನೆಯ ತುಂಬಾ ಒಂದೇ ಸಮನಾಗಿದ್ದರೆ ಮಾತ್ರ ಗೊಬ್ಬರದ ಅಥವಾ ನೀರಿನ ಗುಣದ ದೋಷವನ್ನು ಯೋಚಿಸಬೇಕು.

ಎರಡನೆಯ ಪ್ರಶ್ನೆ: ಗಿಡದ ಯಾವ ಎಲೆ? ಕೆಳಗಿನ ಹಳೆಯ ಎಲೆಯೋ, ಮೇಲಿನ ಎಳೆ ಎಲೆಯೋ, ನಡುವಿನ ಬಲಿತ ಎಲೆಯೋ?

ಮೂರನೆಯ ಪ್ರಶ್ನೆ: ಎಲೆಯ ಯಾವ ಜಾಗ? ಇಡೀ ಎಲೆಯೇ? ನರಗಳು ಹಸಿರಾಗಿ ಉಳಿದು ನಡುವಿನ ಭಾಗವೇ? ಅಂಚೇ? ಅಥವಾ ಸೂರ್ಯನಿಗೆ ಮುಖ ಮಾಡಿದ ಉಬ್ಬು ಭಾಗ ಮಾತ್ರವೇ?

ನಾಲ್ಕನೆಯ ಪ್ರಶ್ನೆ: ಎಷ್ಟು ದಿನಗಳಲ್ಲಿ? ಬೆಳಕಿನ ಪೆಟ್ಟು ಒಂದೆರಡು ದಿನಗಳಲ್ಲಿ ಕಾಣುತ್ತದೆ. ಹಸಿವಿನ ಚಿಹ್ನೆ ಬರುವುದು ವಾರಗಳಲ್ಲಿ, ನಿಧಾನವಾಗಿ. ಹಿಂದಿನ ನಾಲ್ಕು ದಿನಗಳಲ್ಲಿ ಏನು ಬದಲಾಯಿತು, ಪರದೆ ಸರಿಸಿದಿರಾ, ಎಲೆ ಸವರಿದಿರಾ, ಔಷಧಿ ಹೊಡೆದಿರಾ, ಪಂಪು ಕೆಟ್ಟಿತ್ತೇ, ಇವನ್ನು ನೆನಪು ಮಾಡಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಬೆಳಕು ಹೆಚ್ಚಾದಾಗ

ನಮ್ಮಲ್ಲಿ ನಿರ್ಮಲ ಆಕಾಶದ ನಡುಹಗಲಿನಲ್ಲಿ ಬಯಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡ ರಕ್ಷಣೆ ಕೊಡುತ್ತದೆ. ಏಪ್ರಿಲ್‌ನಲ್ಲಿ ಆ ರಕ್ಷಣೆ ಇಲ್ಲ. ಹೀಗಾಗಿ ಫೆಬ್ರವರಿ ಕೊನೆಯಿಂದ ಮೇ ವರೆಗೆ ಬೆಳಕಿನ ಪೆಟ್ಟಿಗೆ ತಕ್ಕ ಕಾಲ.

ಇದರ ಗುರುತುಗಳು ಸ್ಪಷ್ಟವಾಗಿವೆ. ಮೇಲಿನ ಮತ್ತು ಹೊರಗಿನ ಎಲೆಗಳಲ್ಲಿ, ಬಿಸಿಲಿಗೆ ಮುಖ ಮಾಡಿದ ಭಾಗ ಬಿಳಿಚಿ ನಂತರ ಕಾಗದದಂತೆ ಒಣಗುತ್ತದೆ. ಒಂದು ಎಲೆಯ ಮೇಲೆ ಇನ್ನೊಂದು ಎಲೆಯ ನೆರಳು ಬಿದ್ದ ಕಡೆ ಹಸಿರು ಹಾಗೆಯೇ ಉಳಿದು, ನೆರಳಿನ ಗೆರೆ ಅಚ್ಚೊತ್ತಿದಂತೆ ಕಾಣುತ್ತದೆ. ನಡುಹಗಲಿನಲ್ಲಿ ಎಲೆಗಳು ದೋಣಿಯಂತೆ ಮೇಲಕ್ಕೆ ಮಡಚಿ ಬಿಸಿಲಿನಿಂದ ತಪ್ಪಿಸಿಕೊಳ್ಳಲು ನೋಡುತ್ತವೆ. ಮಡಚಿದ ಎಲೆ ಸಂಜೆಗೆ ಬಿಚ್ಚಿಕೊಂಡರೆ ಇನ್ನೂ ಹಾನಿಯಾಗಿಲ್ಲವೆಂದು ತಿಳಿಯಬೇಕು. ಕಾಯಿಗಳಲ್ಲಿ ಬಿಸಿಲು ಬಿದ್ದ ಪಕ್ಕ ಮಾತ್ರ ಬೆಳ್ಳಗೆ ಮೆತ್ತಗಾಗಿ, ಒಣಗಿ ತೆಳ್ಳಗಿನ ಹಾಳೆಯಂತಾಗುತ್ತದೆ. ಈ ಕಲೆಯನ್ನು ಕಾಯಿಯ ತುದಿ ಕೊಳೆಯೊಂದಿಗೆ ಬೆರೆಸಬಾರದು. ತುದಿ ಕೊಳೆ ಕಾಯಿಯ ಕೆಳಭಾಗದಲ್ಲಿ, ಬಿಸಿಲು ಬೀಳದ ಕಾಯಿಯಲ್ಲೂ ಬರುತ್ತದೆ. ಅದು ನೀರಿನ ಏರುಪೇರಿನಿಂದ ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೋದ ಗುರುತು.

ಬೆಳಕಿನ ಪೆಟ್ಟು ಹೆಚ್ಚಾಗಿ ಬೀಳುವುದು ಮೂರು ಸಂದರ್ಭಗಳಲ್ಲಿ. ಒಂದು, ದಟ್ಟ ನೆರಳಿನ ಸಸಿಮಡಿಯಲ್ಲಿ ಬೆಳೆದ ಸಸಿಯನ್ನು ಒಮ್ಮೆಲೇ ಬೆಳಕಿಗೆ ನಾಟಿ ಮಾಡಿದಾಗ. ನೆರಳಿನ ಎಲೆ ತೆಳ್ಳಗಿರುತ್ತದೆ, ಅದಕ್ಕೆ ಬಿಸಿಲಿನ ಅಭ್ಯಾಸವಿಲ್ಲ. ಎರಡು, ಕವಲು ಮತ್ತು ಎಲೆಗಳನ್ನು ಅತಿಯಾಗಿ ಸವರಿ ಕಾಯಿಗಳನ್ನು ಬತ್ತಲೆ ಮಾಡಿದಾಗ. ಮೂರು, ಬಿಸಿಲಿನ ದಿನ ವಿದ್ಯುತ್ ಕೈಕೊಟ್ಟು ನೀರು ತಪ್ಪಿದಾಗ.

ಎಲೆಯ ಮೇಲೆ ನಿಂತ ನೀರಿನ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಎಲೆ ಸುಡುತ್ತದೆ ಎಂಬ ನಂಬಿಕೆಯೊಂದಿದೆ. ನುಣುಪಾದ ಎಲೆಗಳ ಮೇಲೆ ಹಾಗೆ ಸುಡುವುದಿಲ್ಲವೆಂದು ಹಂಗೇರಿಯ ವಿಜ್ಞಾನಿಗಳು 2010ರಲ್ಲಿ ತೋರಿಸಿದ್ದಾರೆ. ದೊಣ್ಣೆ ಮೆಣಸಿನಕಾಯಿಯ ಎಲೆಯೂ ನುಣುಪು. ಬಿಸಿಲಿನಲ್ಲಿ ಸಿಂಪಡಿಸಿದಾಗ ಎಲೆ ಸುಡುವುದಕ್ಕೆ ಕಾರಣ ಬೇರೆ: ಹನಿ ಒಣಗುತ್ತಾ ಬಂದಂತೆ ಅದರೊಳಗಿನ ಗೊಬ್ಬರ ಅಥವಾ ಔಷಧಿ ಗಟ್ಟಿಯಾಗುತ್ತದೆ. ಗಂಧಕದ ಪುಡಿಯನ್ನು ಬಿಸಿ ವೇಳೆಯಲ್ಲಿ ಸಿಂಪಡಿಸಿದರೂ ಎಲೆ ಸುಡುತ್ತದೆ. ಆದುದರಿಂದ ಯಾವ ಸಿಂಪರಣೆಯನ್ನಾದರೂ ಸಂಜೆ ಮಾಡುವುದು ಲೇಸು.

ಬೆಳಕು ಕಡಿಮೆಯಾದಾಗ

ನೆರಳು ಎಷ್ಟಿದ್ದರೂ ಒಳ್ಳೆಯದೇ ಎಂದು ತಿಳಿಯುವುದು ತಪ್ಪು. ಒಂದು ಲೆಕ್ಕ ಹಾಕಿ ನೋಡೋಣ. ಪಾಲಿಥೀನ್ ಹಾಳೆ ನೂರಕ್ಕೆ 80 ಪಾಲು ಬೆಳಕನ್ನು ಒಳಗೆ ಬಿಡುತ್ತದೆ, ಅದರ ಕೆಳಗಿನ ಶೇಕಡ 50ರ ಪರದೆ ಅದರಲ್ಲಿ ಅರ್ಧವನ್ನು ತಡೆಯುತ್ತದೆ ಎಂದಿಟ್ಟುಕೊಳ್ಳಿರಿ. ಹೊರಗೆ 1 ಲಕ್ಷ ಲಕ್ಸ್ ಇರುವ ಏಪ್ರಿಲ್‌ನಲ್ಲಿ ಗಿಡಕ್ಕೆ 40,000 ಲಕ್ಸ್ ಸಿಗುತ್ತದೆ. ಹೊರಗೆ 20,000 ಲಕ್ಸ್ ಇರುವ ಜುಲೈ ತಿಂಗಳ ಮೋಡದ ದಿನ ಅದೇ ಗಿಡಕ್ಕೆ ಸಿಗುವುದು 8,000 ಮಾತ್ರ. ಹಾಳೆಯ ಮೇಲೆ ಧೂಳು, ಪಾಚಿ ಕೂತಿದ್ದರೆ ಇನ್ನೂ ಕಡಿಮೆ. ಬೇಸಿಗೆಯಲ್ಲಿ ಗಿಡವನ್ನು ಕಾಪಾಡಿದ ಪರದೆಯೇ ಮಳೆಗಾಲದಲ್ಲಿ ಅದನ್ನು ಉಪವಾಸ ಕೆಡಹುತ್ತದೆ.

ಬೆಳಕು ಸಾಲದ ಗಿಡದಲ್ಲಿ ಗೆಣ್ಣುಗಳ ಅಂತರ ಉದ್ದವಾಗುತ್ತದೆ, ಕಾಂಡ ಸಣಕಲಾಗುತ್ತದೆ, ಎಲೆ ಅಗಲವಾಗಿ ತೆಳ್ಳಗಿರುತ್ತದೆ. ಒಳಗಿನ ಹಾಗೂ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ. ಹೂ ಮತ್ತು ಪಿಂದೆ ಉದುರುತ್ತವೆ. ಕೆಳಗಿನ ಎಲೆ ಹಳದಿಯಾದುದನ್ನು ಕಂಡು ಸಾರಜನಕದ ಕೊರತೆಯೆಂದು ಯೂರಿಯಾ ಕೊಟ್ಟರೆ ಗಿಡ ಇನ್ನಷ್ಟು ಸಣಕಲಾಗಿ ಬೆಳೆಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಹೀಗಿದೆ: ಸಾರಜನಕ ಸಾಲದ ಗಿಡ ಗಿಡ್ಡ, ಎಲೆ ಚಿಕ್ಕದು, ಬೆಳಕು ಸಾಲದ ಗಿಡ ಉದ್ದ, ಎಲೆ ದೊಡ್ಡದು.

ಪರದೆಯ ಬಣ್ಣಕ್ಕೂ ಬೆಲೆಯುಂಟು. ಕಪ್ಪು ಪರದೆ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚು ಕಡಿಮೆ ಸಮವಾಗಿ ತಡೆಯುತ್ತದೆ. ಹಸಿರು ಪರದೆ ಗಿಡಕ್ಕೆ ಹೆಚ್ಚು ಬೇಕಾದ ಕೆಂಪು ಮತ್ತು ನೀಲಿ ಬೆಳಕನ್ನೇ ಹೆಚ್ಚಾಗಿ ತಡೆಯುತ್ತದೆ. ಬಿಳಿ ಪರದೆ ಬೆಳಕನ್ನು ಚದುರಿಸಿ ಒಳಗಿನ ಎಲೆಗಳಿಗೂ ತಲುಪಿಸುತ್ತದೆ.

ಸಸಿಗಳನ್ನು ಕೋಣೆಯೊಳಗೆ ವಿದ್ಯುತ್ ದೀಪದ ಕೆಳಗೆ ಬೆಳೆಸುವವರಿಗೂ ಇದೇ ನಿಯಮ. ಒಂಟಿ ದೀಪಕ್ಕೂ ಗಿಡದ ತುದಿಗೂ ಇರುವ ಅಂತರ ಅರ್ಧಕ್ಕಿಳಿದರೆ ತುದಿಗೆ ಬೀಳುವ ಬೆಳಕು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಗಿಡ ದಿನದಿನಕ್ಕೆ ಎತ್ತರವಾಗಿ ದೀಪದ ಸಮೀಪಕ್ಕೆ ಬರುವುದರಿಂದ, ದೀಪದ ನೇರ ಕೆಳಗಿನ ತುದಿ ಎಲೆಗಳು ಬಿಳಿಚಿ ಪಕ್ಕದವು ಹಸಿರಾಗಿದ್ದರೆ ಗೊಬ್ಬರದ ಯೋಚನೆ ಬಿಟ್ಟು ದೀಪವನ್ನು ಮೇಲಕ್ಕೆತ್ತಬೇಕು.

ಹಸಿವಿನ ಚಿಹ್ನೆಗಳು

ಪೋಷಕಾಂಶಗಳಲ್ಲಿ ಎರಡು ಪಂಗಡ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುವಂಥವು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ತೆಗೆದು ಎಳೆ ಎಲೆಗೆ ಕೊಡುತ್ತದೆ; ಮನೆಯಲ್ಲಿ ಅನ್ನ ಕಡಿಮೆಯಾದಾಗ ಹಿರಿಯರು ಉಪವಾಸವಿದ್ದು ಮಕ್ಕಳಿಗೆ ಬಡಿಸಿದಂತೆ. ಆದ್ದರಿಂದ ಇವುಗಳ ಕೊರತೆ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್, ಮ್ಯಾಂಗನೀಸ್ ಮುಂತಾದವು ಒಮ್ಮೆ ಎಲೆ ಸೇರಿದರೆ ಸುಲಭವಾಗಿ ಜಾಗ ಬಿಡುವುದಿಲ್ಲ. ಇವುಗಳ ಕೊರತೆ ಮೊದಲು ಕಾಣುವುದು ತುದಿಯ ಎಳೆ ಎಲೆಗಳಲ್ಲಿ.

ಹಳೆಯ ಎಲೆಗಳಲ್ಲಿ:
ಸಾರಜನಕ: ಇಡೀ ಎಲೆ ನರಗಳ ಸಮೇತ ತಿಳಿ ಹಳದಿ, ಗಿಡ ಕುಳ್ಳು.
ರಂಜಕ: ಎಲೆ ಕಡು ಹಸಿರು, ಕೆಲವೊಮ್ಮೆ ನೇರಳೆ ಛಾಯೆ, ಬೆಳವಣಿಗೆ ಕುಂಠಿತ.
ಪೊಟ್ಯಾಷ್: ಎಲೆಯ ಅಂಚು ಹಳದಿಯಾಗಿ ನಂತರ ಸುಟ್ಟಂತೆ ಕಂದು.
ಮೆಗ್ನೀಷಿಯಂ: ನರಗಳು ಹಸಿರು, ನಡುವಿನ ಭಾಗ ಹಳದಿ.

ಎಳೆಯ ಎಲೆಗಳಲ್ಲಿ:
ಕಬ್ಬಿಣ: ಸಣ್ಣ ನರಗಳೂ ಹಸಿರು ಬಲೆಯಂತೆ ಎದ್ದು ಕಂಡು, ನಡುವೆ ಹಳದಿ, ಹೆಚ್ಚಾದರೆ ಎಲೆ ಪೂರಾ ಬೆಳ್ಳಗೆ.
ಮ್ಯಾಂಗನೀಸ್: ಕಬ್ಬಿಣದ ಕೊರತೆಯಂತೆಯೇ, ಆದರೆ ಹಸಿರು ಹಳದಿಗಳ ಗಡಿ ಅಷ್ಟು ಸ್ಪಷ್ಟವಲ್ಲ.
ಗಂಧಕ: ಎಳೆ ಎಲೆ ನರಗಳ ಸಮೇತ ಒಂದೇ ಸಮನೆ ತಿಳಿ ಹಳದಿ.
ಸತು: ಎಲೆ ಕಿರಿದು, ಗೆಣ್ಣುಗಳು ಹತ್ತಿರ, ತುದಿ ಗೊಂಚಲಿನಂತೆ.
ಕ್ಯಾಲ್ಸಿಯಂ, ಬೋರಾನ್: ಕುಡಿ ಸೊಟ್ಟಗಾಗಿ ಸಾಯುತ್ತದೆ.

ಎಲೆಯಲ್ಲಿ ಕೊರತೆ ಕಂಡಿತೆಂದ ಮಾತ್ರಕ್ಕೆ ಮಣ್ಣಿನಲ್ಲಿ ಆ ಅಂಶ ಇಲ್ಲವೆಂದು ಅರ್ಥವಲ್ಲ. ಬಯಲುಸೀಮೆಯ ಎಷ್ಟೋ ಕೊಳವೆ ಬಾವಿಗಳ ನೀರು ಗಡಸು. ಅದನ್ನು ವರ್ಷಗಟ್ಟಲೆ ಹಾಯಿಸಿದರೆ ಮಣ್ಣಿನ ರಸಸಾರ ಏರಿ, ಮಣ್ಣಿನಲ್ಲಿರುವ ಕಬ್ಬಿಣವೇ ಬೇರಿಗೆ ದಕ್ಕದೆ ಹೋಗುತ್ತದೆ. ಮಡಿಯಲ್ಲಿ ನೀರು ನಿಂತು ಬೇರಿಗೆ ಗಾಳಿ ಸಾಲದಿದ್ದರೂ ಅದೇ ಚಿಹ್ನೆ. ಪೊಟ್ಯಾಷ್ ಗೊಬ್ಬರವನ್ನು ಅತಿಯಾಗಿ ಕೊಟ್ಟರೆ ಬೇರು ಮೆಗ್ನೀಷಿಯಂ ಹೀರುವುದು ಕುಗ್ಗುತ್ತದೆ. ಇಲ್ಲೆಲ್ಲ ಕೊರತೆಗೆ ಕಾರಣ ಕೊಡದೆ ಇದ್ದದ್ದಲ್ಲ, ಹೆಚ್ಚು ಕೊಟ್ಟದ್ದು.

ಅತಿ ಅಪಾಯದ ತಪ್ಪು: ಉಪ್ಪಿನ ಮೇಲೆ ಗೊಬ್ಬರ

ಬಯಲಿನ ಹೊಲದಲ್ಲಿ ಮಳೆ ಬಂದು ಉಳಿಕೆ ಲವಣವನ್ನು ತೊಳೆಯುತ್ತದೆ. ಪಾಲಿಹೌಸ್‌ನೊಳಗೆ ಮಳೆ ಬೀಳುವುದಿಲ್ಲ. ಹನಿ ನೀರಿನೊಂದಿಗೆ ಕೊಟ್ಟ ಗೊಬ್ಬರದಲ್ಲಿ ಗಿಡ ಬಿಟ್ಟುಳಿದದ್ದೂ, ನೀರಿನಲ್ಲೇ ಇದ್ದ ಲವಣವೂ ಮಡಿಯಲ್ಲಿ ಬೆಳೆಯಿಂದ ಬೆಳೆಗೆ ಸೇರುತ್ತಾ ಹೋಗುತ್ತವೆ. ದೊಣ್ಣೆ ಮೆಣಸಿನಕಾಯಿ ಲವಣವನ್ನು ಹೆಚ್ಚು ಸಹಿಸುವ ಬೆಳೆಯಲ್ಲ. ನೀರು ತುಂಬಿದ ಮಣ್ಣಿನ ಸಾರದಲ್ಲಿ ಅಳೆದ ವಿದ್ಯುತ್ ವಾಹಕತೆ ಮೀಟರಿಗೆ 1.5 ಡೆಸಿಸೈಮನ್ಸ್ ದಾಟಿದ ಮೇಲೆ, ಏರುವ ಪ್ರತಿ ಒಂದು ಡೆಸಿಸೈಮನ್ಸ್‌ಗೆ ಇಳುವರಿ ಸುಮಾರು ಶೇಕಡ 14ರಂತೆ ಇಳಿಯುತ್ತದೆ. ಪ್ರಯೋಗಾಲಯಗಳಲ್ಲಿ ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆಯುವ ಪದ್ಧತಿಯೂ ಇದೆ. ಅದರಲ್ಲಿ ಅಂಕಿ ಕಡಿಮೆ ಬರುತ್ತದೆ. ಆದ್ದರಿಂದ ಯಾವ ಪದ್ಧತಿಯಲ್ಲಿ ಅಳೆದರೆಂದು ಕೇಳಿ ತಿಳಿಯಬೇಕು.

ಲವಣ ಹೆಚ್ಚಾದ ಗಿಡದ ಎಲೆ ಅಂಚು ಸುಡುತ್ತದೆ. ಪೊಟ್ಯಾಷ್ ಕೊರತೆಯಂತೆಯೇ ಕಾಣುತ್ತದೆ. ಮಣ್ಣು ಒದ್ದೆಯಿದ್ದರೂ ನಡುಹಗಲಿನಲ್ಲಿ ಗಿಡ ಬಾಡುತ್ತದೆ. ಹನಿ ಬೀಳುವ ಜಾಗದ ಸುತ್ತ ಬಿಳಿ ಪುಡಿಯ ಉಂಗುರ ಕಾಣುತ್ತದೆ. ಇಂಥ ಗಿಡಕ್ಕೆ ಪೊಟ್ಯಾಷ್ ಕೊಡುವುದೆಂದರೆ ಬಾಯಾರಿದವನಿಗೆ ಉಪ್ಪು ನೀರು ಕೊಟ್ಟಂತೆ. ಬೆಳಕಿನ ಪೆಟ್ಟಿನಿಂದ ನಾಲ್ಕು ಎಲೆ ಹೋಗಬಹುದು, ಮೆಗ್ನೀಷಿಯಂ ಕೊರತೆಯಿಂದ ಇಳುವರಿ ಕುಗ್ಗಬಹುದು. ಆದರೆ ಈ ತಪ್ಪು ಉಪಚಾರದಿಂದ ಇಡೀ ಬೆಳೆಯೇ ಹೋಗಬಹುದು. ಆದುದರಿಂದಲೇ ಕಾರಣ ತಿಳಿಯುವವರೆಗೆ ಹನಿ ನೀರಿನಲ್ಲಿ ಗೊಬ್ಬರ ಹೆಚ್ಚಿಸಬಾರದೆಂದು ಒತ್ತಿ ಹೇಳಬೇಕಾಗಿದೆ.

ಬೇರಿನ ಬಗ್ಗೆ ಸಂಶಯವಿದ್ದರೆ ಒಂದು ಕೆಟ್ಟ ಗಿಡವನ್ನು ಅಗೆದು ತೆಗೆದು ನೋಡಿರಿ. ಬಿಳಿಯ ಹೊಸ ಬೇರುಗಳಿದ್ದರೆ ಬೇರು ಆರೋಗ್ಯವಾಗಿದೆ. ಕಂದು ಬಣ್ಣಕ್ಕೆ ತಿರುಗಿ ಸಿಪ್ಪೆ ಸುಲಿದು ಬಂದರೆ ಕೊಳೆ. ಬೇರಿನ ಮೇಲೆ ಗಂಟುಗಳಿದ್ದರೆ ಜಂತುಹುಳು. ಒಂದು ಗಿಡ ಹೋದರೂ ಉಳಿದವುಗಳ ಸ್ಥಿತಿ ತಿಳಿಯುತ್ತದೆ.

ಎಲೆಯನ್ನು ತಿರುಗಿಸಿ ನೋಡಿರಿ

ಕೊರತೆಯೆಂದು ತೀರ್ಮಾನಿಸುವ ಮೊದಲು ಎಲೆಯ ಕೆಳಭಾಗವನ್ನು ಭೂತಗನ್ನಡಿಯಿಂದ ನೋಡಬೇಕು. ಥ್ರಿಪ್ಸ್ ಇದ್ದರೆ ಎಲೆ ಮೇಲ್ಮುಖವಾಗಿ ಮುಟುರುತ್ತದೆ. ಮೈಟ್ ನುಸಿ ಇದ್ದರೆ ಎಲೆ ಕೆಳಮುಖವಾಗಿ ಮಡಚಿ, ಕೆಳಭಾಗ ಕಂಚಿನ ಬಣ್ಣಕ್ಕೆ ತಿರುಗಿ, ತೊಟ್ಟು ಉದ್ದವಾಗುತ್ತದೆ. ಬೂದಿ ರೋಗವಿದ್ದರೆ ಎಲೆಯ ಮೇಲೆ ಹಳದಿ ಮಚ್ಚೆ, ಅದೇ ಜಾಗದ ಕೆಳಗೆ ಬಿಳಿಯ ಪುಡಿ. ಹಸಿರು ಹಳದಿ ಕಲಸಿದಂತಿದ್ದು ಎಲೆ ವಿಕಾರವಾಗಿದ್ದರೆ ನಂಜು ರೋಗ. ಬೆಳಕಿನ ಪೆಟ್ಟಾಗಲಿ ಹಸಿವಾಗಲಿ ಎಲೆಯ ಕೆಳಗೆ ಇಂಥ ಗುರುತುಗಳನ್ನು ಬಿಡುವುದಿಲ್ಲ. ಇನ್ನೊಂದು ಮಾತು: ಬೆಳಕಿನಿಂದ ಸುಟ್ಟ ಕಲೆ ಮರುದಿನ ದೊಡ್ಡದಾಗುವುದಿಲ್ಲ, ರೋಗದ ಕಲೆ ಬೆಳೆಯುತ್ತದೆ. ಪೆನ್ನಿನಿಂದ ಕಲೆಯ ಸುತ್ತ ಗೆರೆ ಹಾಕಿ ಮೂರು ದಿನ ಬಿಟ್ಟು ನೋಡಿದರೆ ಇದು ತಿಳಿಯುತ್ತದೆ.

ರೈತರೇ ಮಾಡಬಹುದಾದ ಮೂರು ಪರೀಕ್ಷೆಗಳು

1. ಅರ್ಧ ಎಲೆ ಮುಚ್ಚುವ ಪರೀಕ್ಷೆ: ಬಿಳಿಚಲು ಆರಂಭಿಸಿರುವ ಹತ್ತು ಗಿಡಗಳಲ್ಲಿ ಒಂದೊಂದು ಎಲೆಯ ಅರ್ಧ ಭಾಗವನ್ನು ದಪ್ಪ ಬಿಳಿ ಕಾಗದದಿಂದ ಸಡಿಲವಾಗಿ ಮುಚ್ಚಿ, ಕ್ಲಿಪ್ಪು ಹಾಕಿರಿ. ಐದಾರು ದಿನಗಳ ನಂತರ ತೆಗೆದು ನೋಡಿರಿ. ಮುಚ್ಚಿದ ಭಾಗ ಹಸಿರಾಗಿ ಉಳಿದು ತೆರೆದ ಭಾಗ ಇನ್ನಷ್ಟು ಬಿಳಿಚಿದ್ದರೆ ಬೆಳಕಿನ ಪಾತ್ರವಿದೆ. ಎರಡೂ ಒಂದೇ ರೀತಿ ಇದ್ದರೆ ಬೇರೆ ಕಾರಣ ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೆಗ್ನೀಷಿಯಂ, ಪೊಟ್ಯಾಷ್ ಅಥವಾ ಸತು ಸಾಲದ ಎಲೆ ಸಾಮಾನ್ಯ ಬೆಳಕನ್ನೂ ತಾಳಲಾರದು. ಅಂಥ ಎಲೆಯಲ್ಲೂ ಮುಚ್ಚಿದ ಭಾಗ ಹಸಿರಾಗಿ ಉಳಿಯಬಹುದು. ಆದುದರಿಂದ ಈ ಪರೀಕ್ಷೆಯನ್ನು ಎರಡನೆಯ ಪ್ರಶ್ನೆಯೊಂದಿಗೆ ಜೋಡಿಸಿ ಓದಬೇಕು. ಕುಡಿಯ ಸಮೀಪದ, ಬಿಸಿಲಿಗೆ ಒಡ್ಡಿದ ಎಲೆಗಳು ಮಾತ್ರ ಬಿಳಿಚಿದ್ದರೆ ಬೆಳಕಿನ ಪೆಟ್ಟೇ ಸರಿ. ಕೆಳಗಿನ ಹಳೆಯ ಎಲೆಗಳು ಮೊದಲು ಬಿಳಿಚಿದ್ದರೆ ಹಸಿವು ಮೂಲ, ಬೆಳಕು ಅದರ ಜೊತೆಗಾರ.

2. ಸಾಲಿನ ಪರೀಕ್ಷೆ: ಸಂಶಯವಿರುವ ಪೋಷಕಾಂಶವನ್ನು ಇಡೀ ಮನೆಗೆ ಕೊಡದೆ ಒಂದು ಸಾಲಿಗೆ ಮಾತ್ರ ಸಿಂಪಡಿಸಿ, ಪಕ್ಕದ ಸಾಲಿಗೆ ಬರಿಯ ನೀರು ಸಿಂಪಡಿಸಿರಿ. ಎಂಟು ಹತ್ತು ದಿನಗಳ ನಂತರ ಎರಡನ್ನೂ ಹೋಲಿಸಿರಿ. ಕಬ್ಬಿಣಕ್ಕಾದರೆ ಎಳೆ ಎಲೆಯ ಅರ್ಧಕ್ಕೆ ದ್ರಾವಣವನ್ನು ಕುಂಚದಿಂದ ಹಚ್ಚಿದರೂ ಸಾಕು. ಕೊರತೆಯಿದ್ದರೆ ಹಚ್ಚಿದ ಭಾಗ ಹಸಿರೇರುತ್ತದೆ.

3. ಬೆಳಕಿನ ಅಳತೆ: ಲಕ್ಸ್ ಮೀಟರ್ ಇದ್ದರೆ ಒಳ್ಳೆಯದು. ಮೊಬೈಲ್ ಫೋನಿನ ಅಳತೆ ಕರಾರುವಾಕ್ಕಲ್ಲದಿದ್ದರೂ ಹೋಲಿಕೆಗೆ ಸಾಕು. ಗಿಡದ ತುದಿಯ ಮಟ್ಟದಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು 3 ಗಂಟೆಗೆ, ಕೆಟ್ಟ ಸಾಲಿನಲ್ಲಿ ಹಾಗೂ ಚೆನ್ನಾಗಿರುವ ಸಾಲಿನಲ್ಲಿ ಅಳೆದು ಬರೆದಿಡಿರಿ.

ಒಂದು ಉದಾಹರಣೆ

ಮಾರ್ಚ್ ತಿಂಗಳು ಎಂದುಕೊಳ್ಳಿರಿ. ನೆರಳು ಪರದೆಯ ಮನೆ. ಪಶ್ಚಿಮದ ಎರಡು ಸಾಲುಗಳಲ್ಲಿ ತುದಿಯ ಎಲೆಗಳು ಬಿಳಿಚಿವೆ, ಕೆಲವು ಕಾಯಿಗಳಲ್ಲಿ ಬೆಳ್ಳನೆಯ ಕಲೆಗಳಿವೆ. ಎಳೆ ಎಲೆ ಬಿಳಿಚಿದೆಯಾದ್ದರಿಂದ ಕಬ್ಬಿಣದ ಕೊರತೆಯೆಂದು ಹೇಳಿಬಿಡಬಹುದು. ಆದರೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಜಾಗ: ಎರಡೇ ಸಾಲು, ಅದೂ ಪಶ್ಚಿಮಕ್ಕೆ. ಕಬ್ಬಿಣದ ಕೊರತೆಯಾದರೆ ಅದೇ ನೀರು, ಅದೇ ಮಣ್ಣಿನ ಉಳಿದ ಸಾಲುಗಳಲ್ಲೂ ಬರಬೇಕಿತ್ತು. ಎಲೆ: ತುದಿಯ ಎಲೆಗಳೇ, ಆದರೆ ಹೊರಮುಖದವು ಮಾತ್ರ. ಎಲೆಯ ಜಾಗ: ನರಗಳ ಹಸಿರು ಬಲೆ ಇಲ್ಲ, ಬಿಸಿಲಿಗೆ ಒಡ್ಡಿದ ಭಾಗ ನರಗಳ ಸಮೇತ ಬಿಳಿಚಿದೆ. ಕಾಲ: ಪಕ್ಕದ ಪರದೆಯನ್ನು ಗಾಳಿಗೆಂದು ಎತ್ತಿ ಕಟ್ಟಿದ ನಾಲ್ಕು ದಿನಗಳ ನಂತರ. ಉತ್ತರ ಸ್ಪಷ್ಟ. ಇಲ್ಲಿ ಬೇಕಾದುದು ಕಬ್ಬಿಣವಲ್ಲ. ಮಧ್ಯಾಹ್ನದ ಹೊತ್ತು ಪಶ್ಚಿಮಕ್ಕೊಂದು ಪರದೆ.

ಪರಿಹಾರ ಕ್ರಮಗಳು

ಬೆಳಕಿಗೆ ಸಂಬಂಧಿಸಿ: ಪರದೆಯನ್ನು ಶಾಶ್ವತವಾಗಿ ಹೊಲಿದು ಬಿಡದೆ ಸರಿಸಲು ಬರುವಂತೆ ಕಟ್ಟಿರಿ. ಬೇಸಿಗೆಯ ನಿರ್ಮಲ ದಿನಗಳಲ್ಲಿ ಸುಮಾರು 11 ರಿಂದ 3 ಗಂಟೆಯವರೆಗೆ ಪರದೆ ಹರಡಿ, ಬೆಳಿಗ್ಗೆ ಸಂಜೆ ತೆಗೆಯಿರಿ. ಮೋಡದ ದಿನಗಳಲ್ಲಿ ಪೂರ್ಣ ತೆಗೆಯಿರಿ. ಮಳೆಗಾಲಕ್ಕೆ ಮೊದಲು ಪಾಲಿಥೀನ್ ಹಾಳೆಯನ್ನು ತೊಳೆಯಿರಿ. ನಾಟಿಗೆ ಒಂದು ವಾರ ಮೊದಲಿನಿಂದ ಸಸಿಗಳಿಗೆ ನೆರಳನ್ನೂ ನೀರನ್ನೂ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ಗಟ್ಟಿಗೊಳಿಸಿ, ಸಂಜೆ ನಾಟಿ ಮಾಡಿರಿ. ಬೇಸಿಗೆಯಲ್ಲಿ ಕಾಯಿಯ ಮೇಲಿನ ಎಲೆಗಳನ್ನು ಸವರಬೇಡಿರಿ. ಬಿಳಿಚಿ ಒಣಗಿದ ಎಲೆ ಯಾವ ಔಷಧಿಗೂ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆಗಳು ಚೆನ್ನಾಗಿ ಬಂದರೆ ಉಪಚಾರ ಸರಿಯಾಯಿತೆಂದು ತಿಳಿಯಬೇಕು. ಅರೆಬಿಳಿಚಿದ ಎಲೆಗಳನ್ನು ಕಿತ್ತು ಹಾಕಬೇಡಿರಿ. ಅವು ಕೆಳಗಿನ ಕಾಯಿಗೆ ನೆರಳಾಗುತ್ತವೆ.

ಹಸಿವಿಗೆ ಸಂಬಂಧಿಸಿ: ಮೆಗ್ನೀಷಿಯಂ ಕೊರತೆ ಖಚಿತವಾದರೆ ಲೀಟರ್ ನೀರಿಗೆ 5 ರಿಂದ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿ ವಾರಕ್ಕೊಮ್ಮೆ ಎರಡು ಮೂರು ಬಾರಿ ಸಿಂಪಡಿಸಿರಿ. ಕಬ್ಬಿಣಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲವನ್ನು ಆಗಲೇ ಕರಗಿಸಿ, ಮೊದಲು ನಾಲ್ಕು ಗಿಡಗಳಿಗೆ ಸಿಂಪಡಿಸಿ ಎಲೆ ಸುಡುವುದಿಲ್ಲವೆಂದು ನೋಡಿಕೊಂಡು ಉಳಿದವಕ್ಕೆ ಹೊಡೆಯಿರಿ. ಹನಿ ನೀರಿನಲ್ಲಿ ಕಬ್ಬಿಣ ಕೊಡುವವರು ರಸಸಾರ 7ನ್ನು ಮೀರಿದ ಮಣ್ಣಿನಲ್ಲಿ ಇಡಿಟಿಎ ರೂಪದ ಕಬ್ಬಿಣ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ ಎಂಬುದನ್ನು ನೆನಪಿಡಬೇಕು.

ಲವಣಕ್ಕೆ ಸಂಬಂಧಿಸಿ: ಗೊಬ್ಬರ ನಿಲ್ಲಿಸಿ, ಇರುವುದರಲ್ಲಿ ಸಿಹಿಯಾದ ನೀರನ್ನು ಹೆಚ್ಚಾಗಿ ಕೊಟ್ಟು ಮಡಿಯನ್ನು ತೊಳೆಯಿರಿ. ತೊಳೆದ ನೀರು ಬಸಿದು ಹೋಗಲು ದಾರಿ ಇರಬೇಕು. ಇಲ್ಲವಾದರೆ ಲವಣ ಅಲ್ಲೇ ಉಳಿಯುತ್ತದೆ. ಪಾಲಿಹೌಸ್‌ನ ಮಾಡಿನ ಮೇಲೆ ಬೀಳುವ ಮಳೆ ನೀರನ್ನು ಹೊಂಡದಲ್ಲಿ ಹಿಡಿದಿಟ್ಟರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ರೈತರು ಒಂದು ಎಲೆಯನ್ನು ಕಿತ್ತು ಕೈಯಲ್ಲಿ ಹಿಡಿದು ಬಂದರೆ, ಅಥವಾ ಒಂದು ಎಲೆಯ ಚಿತ್ರವನ್ನಷ್ಟೇ ಕಳುಹಿಸಿದರೆ, ಆ ಎಲೆಯನ್ನೇ ನೋಡಿ ಮದ್ದು ಹೇಳಬಾರದು. ಕಿತ್ತ ಎಲೆಗೆ ತಾನು ಗಿಡದ ಯಾವ ಭಾಗದಲ್ಲಿದ್ದೆ, ಯಾವ ದಿಕ್ಕಿಗಿದ್ದೆ ಎಂಬ ನೆನಪಿರುವುದಿಲ್ಲ. ಇಡೀ ಗಿಡದ ಚಿತ್ರ, ಮನೆಯ ಉದ್ದಕ್ಕೂ ತೆಗೆದ ಚಿತ್ರ, ಎಲೆಯ ಎರಡೂ ಮುಖಗಳ ಚಿತ್ರ ಕೇಳಿರಿ. ಸಾಧ್ಯವಾದರೆ ಸ್ಥಳಕ್ಕೇ ಹೋಗಿರಿ. ಮಣ್ಣು ಮತ್ತು ನೀರಿನ ಮಾದರಿಗಳನ್ನು ಕೆಟ್ಟ ಜಾಗದಿಂದ ಒಂದು, ಚೆನ್ನಾಗಿರುವ ಜಾಗದಿಂದ ಒಂದು ಎಂದು ಬೇರೆ ಬೇರೆಯಾಗಿ ತೆಗೆಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿರಿ. ಎರಡನ್ನೂ ಹೋಲಿಸಿದಾಗಲೇ ಅಂಕಿಗಳಿಗೆ ಅರ್ಥ ಬರುತ್ತದೆ.

ನೆನಪಿಡಬೇಕಾದ ಅಂಶಗಳು

1. ಹಳದಿ ಬಣ್ಣ ಚಿಹ್ನೆ ಮಾತ್ರ. ಮನೆಯಲ್ಲಿ ಎಲ್ಲಿ, ಗಿಡದಲ್ಲಿ ಎಲ್ಲಿ, ಎಲೆಯಲ್ಲಿ ಎಲ್ಲಿ, ಎಷ್ಟು ದಿನಗಳಲ್ಲಿ ಎಂಬುದನ್ನು ಮೊದಲು ನೋಡಿರಿ.
2. ಹಳೆಯ ಎಲೆ ಮೊದಲಾದರೆ ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂಗಳನ್ನೂ, ಎಳೆ ಎಲೆ ಮೊದಲಾದರೆ ಕಬ್ಬಿಣ ಮೊದಲಾದವನ್ನೂ ಸಂಶಯಿಸಿರಿ. ಬಿಸಿಲಿಗೆ ಒಡ್ಡಿದ ಭಾಗ ಮಾತ್ರ ಆದರೆ ಬೆಳಕು.
3. ಬೇಸಿಗೆಗೆ ಬೇಕಾದ ನೆರಳು ಮಳೆಗಾಲಕ್ಕೆ ಬೇಡ.
4. ಅಂಚು ಸುಟ್ಟ ಎಲೆಗೆ ಗೊಬ್ಬರ ಕೊಡುವ ಮೊದಲು ಲವಣವನ್ನು ಅಳೆಯಿಸಿರಿ.
5. ಯಾವ ಉಪಚಾರವನ್ನಾದರೂ ಮೊದಲು ಒಂದು ಸಾಲಿಗೆ ಮಾಡಿ, ನಂತರ ಇಡೀ ಬೆಳೆಗೆ ಮಾಡಿರಿ.

ಒಂದು ಹಾಳೆ, ಒಂದು ಪೆನ್ನು, ಒಂದು ಭೂತಗನ್ನಡಿ ಮತ್ತು ಬೆಳಿಗ್ಗೆ ಹತ್ತು ನಿಮಿಷದ ತಿರುಗಾಟ, ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಔಷಧಿಯ ಅಂಗಡಿಗೆ ಹೋಗುವ ಮೊದಲು ಬೆಳೆಯ ನಡುವೆ ಒಮ್ಮೆ ನಡೆದು ಬಂದ ರೈತರು ಕೊಳ್ಳುವುದನ್ನು ತಿಳಿದೇ ಕೊಳ್ಳುತ್ತಾರೆ. ಎಷ್ಟೋ ಸಲ ಏನನ್ನೂ ಕೊಳ್ಳದೆಯೇ ಪರದೆಯ ಹಗ್ಗವನ್ನು ಎಳೆದು ಕೆಲಸ ಮುಗಿಸುತ್ತಾರೆ.